ಮೇಜರನಿಗೊಂದು ಬಲಿಪೂಜೆ

ಮೇಜರ್ ವಾಲ್ಟರ್ ತೀರಿಕೊಂಡ ಸುದ್ದಿ ಬಂದದ್ದು ಶುಕ್ರವಾರ ಬೆಳಿಗ್ಗೆ ಒಂಬತ್ತಕ್ಕೆ. ದಿನವೂ ಅದೇ ಹೊತ್ತಿಗೆ ಕಾಬೂಲಿನಿಂದ ಅವನ ಪತ್ರ ನೈರೋಬಿಯಲ್ಲಿದ್ದ ಫ್ರೀಡಾ ಅವರ ಫೋನಿಗೆ ಬರುತ್ತಿತ್ತು. ಆ ದಿನ ಬಂದದ್ದು ಅವನ ಜೊತೆಗಾರನೊಬ್ಬನ ನಾಲ್ಕು ಸಾಲು. ಹಿಂದಿನ ದಿನ ವಿಮಾನ ನಿಲ್ದಾಣದ ಬಾಗಿಲಲ್ಲಿ ಬಾಂಬಿಗೆ ಬಲಿಯಾದ ಅಮೆರಿಕನ್ ಸೈನಿಕರಲ್ಲಿ ಮೇಜರನೂ ಒಬ್ಬ ಎಂದು ಅದರಲ್ಲಿತ್ತು.

ಫ್ರೀಡಾ ಅಳಲಿಲ್ಲ. ಕನ್ನಡಕ ಒರೆಸಿ ಇನ್ನೊಮ್ಮೆ ಓದಿದರು. ಸೊಸೆ ಓಲಿಂಡಾಳನ್ನು ಕರೆದರು.

"ಬಾಯೆ, ಚರ್ಚಿಗೆ ಹೋಗಿ ಆತ್ಮಶಾಂತಿಯ ಬಲಿಪೂಜೆಗೆ ಹೇಳಿ ಬರ್ತೇನೆ."

ಆ ಶಾಂತ ದನಿಗೇ ಓಲಿಂಡಾ ಹೆದರಿದಳು. ಅತ್ತೆ ಇನ್ನೊಂದು ಸಾವನ್ನು ತಾಳಿಕೊಳ್ಳಲಾರರು.

ಮೊದಲನೆಯದು ಮಾವ ಫ್ರೆಡ್ರಿಕ್ ಅವರದು. ಹಿಂದಿನ ವರ್ಷ ಕೋವಿಡ್ ಅವರನ್ನು ಕೊಂಡೊಯ್ದಿತ್ತು. ಆಸ್ಪತ್ರೆಗೆ ಹೊರಟ ತಾಯಿಯನ್ನು ಮಗ ಆಲ್ಸ್ಟನ್ ಬಾಗಿಲಲ್ಲೇ ತಡೆದಿದ್ದ. "ನೀನೂ ಹೋಗ್ಬೇಕಾ ಮಾಂಯ್?" ಎಂದು ಕಾರಿನ ಕೀಲಿಯನ್ನು ಕಿಸೆಗೆ ಹಾಕಿಕೊಂಡಿದ್ದ. ಹದಿನೈದು ಜನ ದೂರ ದೂರ ನಿಂತು ಮಣ್ಣು ಮಾಡಿದರು. ಪೆಟ್ಟಿಗೆ ತೆರೆಯಲಿಲ್ಲ. ಗಂಡನ ಮುಖ ಫ್ರೀಡಾ ನೋಡಲೇ ಇಲ್ಲ.

ಅಂದಿನಿಂದ ಮಗನೊಡನೆ ಅವರ ಮಾತು ನಿಂತಿತು. ಆ ಮನೆಯಲ್ಲಿ ಸಂಜೆಯ ಜಪಸರದ ಪ್ರಾರ್ಥನೆ ಮುಗಿದೊಡನೆ ಕಿರಿಯರು ಹಿರಿಯರ ಆಶೀರ್ವಾದ ಕೇಳಬೇಕು. ಆಲ್ಸ್ಟನ್ ಮುಂದೆ ಬರುವಷ್ಟರಲ್ಲಿ ಫ್ರೀಡಾ ಎದ್ದು ಕೋಣೆಗೆ ನಡೆಯುತ್ತಿದ್ದರು. ಊಟ ಬರಬರುತ್ತಾ ಎರಡು ತುತ್ತಿಗೆ ಇಳಿಯಿತು. ನವೆಂಬರಿನ ಹೊತ್ತಿಗೆ ಮದುವೆಯ ಉಂಗುರ ಬೆರಳಿನಲ್ಲಿ ನಿಲ್ಲುತ್ತಿರಲಿಲ್ಲ.

ಆಗ ಬಂದವನು ಮೇಜರ್. ಇಂಟರ್ನೆಟ್ಟಿನ ಒಂದು ಪ್ರಾರ್ಥನಾ ಕೂಟದಲ್ಲಿ ಫ್ರೀಡಾ ಬರೆದಿದ್ದ ಎರಡು ಸಾಲಿಗೆ ಉತ್ತರ ಕೊಟ್ಟ. ಸೈನ್ಯದ ವೈದ್ಯ, ವಯಸ್ಸು ಐವತ್ತೆಂಟು. ಕಾಬೂಲಿನ ಚಳಿ, ಕೈಯಲ್ಲೇ ಪ್ರಾಣ ಬಿಟ್ಟ ಹುಡುಗರು, ಅವರ ತಾಯಂದಿರಿಗೆ ಏನು ಬರೆಯಬೇಕೆಂದು ತಿಳಿಯದ ಸಂಕಟ, ಇವನ್ನೇ ಬರೆಯುತ್ತಿದ್ದ. ಇವತ್ತು ಏನು ತಿಂದಿರಿ ಎಂದು ತಪ್ಪದೆ ಕೇಳುತ್ತಿದ್ದ. ಸುಳ್ಳು ಬರೆಯಲಾರದೆ ಫ್ರೀಡಾ ತಿನ್ನತೊಡಗಿದರು. ಜೂನಿನಲ್ಲಿ ಆಲ್ಸ್ಟನ್ ಟೈಫಾಯ್ಡ್ ಆಗಿ ಆಸ್ಪತ್ರೆಯಲ್ಲಿದ್ದ ವಾರ ಕಾಬೂಲಿನಿಂದಲೂ ಸುದ್ದಿಯಿಲ್ಲ. ಫ್ರೀಡಾ ಎರಡಕ್ಕೂ ಸೇರಿಸಿ ಹರಕೆ ಹೊತ್ತರು.

ಯುದ್ಧ ಮುಗಿದ ಮೇಲೆ ನೈರೋಬಿಗೆ ಬರುತ್ತೇನೆಂದು ಅವನು ಮಾತು ಕೊಟ್ಟಿದ್ದ. ಅಮೆರಿಕ ಸೈನ್ಯವನ್ನು ಹಿಂದಕ್ಕೆ ಕರೆಸಿಕೊಳ್ಳುತ್ತದೆ ಎಂಬ ಸುದ್ದಿ ಬಂದಾಗ ಫ್ರೀಡಾ ಕೊನೆಯ ಕೋಣೆಗೆ ಹೊಸ ಪರದೆ ಹಾಕಿಸಿದರು. ಅಕ್ಕಿಯ ಸಾನ್ನ ಹಬೆಯಲ್ಲಿ ಬೇಯಿಸಿ ಬಡಿಸಬೇಕೆಂದರು. ಯಾವಾಗ ಬರುತ್ತೀರಿ ಎಂದು ವಾರಕ್ಕೆರಡು ಸಲ ಕೇಳಿ ಬರೆದರು. ಇಪ್ಪತ್ತು ವರ್ಷದ ಯುದ್ಧ ಆಗಸ್ಟಿನಲ್ಲಿ ಕೆಲವೇ ದಿನಗಳೊಳಗೆ ಮುಗಿದುಹೋಯಿತು. ಮೇಜರನಿಗೆ ಬಾರದಿರಲು ಕಾರಣವೇ ಉಳಿಯಲಿಲ್ಲ. ಅಷ್ಟರಲ್ಲಿ ಈ ಸಾವು.

ಶನಿವಾರ ಸತ್ತ ಹದಿಮೂರು ಸೈನಿಕರ ಹೆಸರು ಪ್ರಕಟವಾಯಿತು. ಓಲಿಂಡಾ ಮೂರು ಸಲ ಓದಿದಳು. ಬಹುಮಂದಿ ಇಪ್ಪತ್ತರ ಆಸುಪಾಸಿನ ಮಕ್ಕಳು. ವಾಲ್ಟರ್ ಎಂಬ ಮೇಜರ್ ಅವರಲ್ಲಿ ಇರಲಿಲ್ಲ.

ಬ್ಯಾಂಕಿನಲ್ಲಿ ಕೆಲಸ ಮಾಡುವ ಚಿಕ್ಕಪ್ಪನ ಮಗ ಡೆಂಜಿಲ್‌ಗೆ ಫೋನ್ ಮಾಡಿದಳು.

"ಸೈನಿಕನ ವೇಷದ ಕಳ್ಳರು ಬೇಕಾದಷ್ಟು ಉಂಟು," ಎಂದ ಡೆಂಜಿಲ್. "ಎಷ್ಟು ಕಿತ್ತ?"

"ಒಂದು ಶಿಲಿಂಗೂ ಕೇಳ್ಲಿಲ್ಲ. ಕಾಗದದ ಕೊನೆಗೆ ಆಶೀರ್ವಾದ ಮಾಡಿ ಅಂತ ಬರೀತಾನೆ, ಅಷ್ಟೇ."

ಡೆಂಜಿಲ್ ನಕ್ಕ. "ಹಾಗಾದ್ರೆ ಕಳ್ಳ ಅಲ್ಲ ಮಾರಾಯ್ತಿ. ಪಾಪದವನು."

ಓಲಿಂಡಾಳಿಗೆ ನಗು ಬರಲಿಲ್ಲ. ಸಂಜೆ ಗಂಡನ ಮುಂದೆ ಪಟ್ಟಿ ಹಿಡಿದಳು. ಆಲ್ಸ್ಟನ್ ಅದರತ್ತ ಕಣ್ಣೂ ಹಾಯಿಸಲಿಲ್ಲ.

"ಮಾಂಯ್‌ಗೆ ಹೇಳ್ಬೇಡ," ಎಂದ. "ಸತ್ತ ಅಂದ್ರೆ ಅಳ್ತಾರೆ, ಮುಗೀತದೆ. ಅಂಥವನು ಇರ್ಲೇ ಇಲ್ಲ ಅಂದ್ರೆ ಏನು ಮಾಡ್ತಾರೆ?"

ಓಲಿಂಡಾ ಪಟ್ಟಿಯನ್ನು ಎತ್ತಿಟ್ಟಳು. ಆದರೆ ಭಾನುವಾರ ತಿಂಡಿಯ ಹೊತ್ತಿಗೆ ಫ್ರೀಡಾ, ಪೂಜೆಯಾದ ಮೇಲೆ ಗಿಗಿರಿಯ ಅಮೆರಿಕನ್ ರಾಯಭಾರ ಕಚೇರಿಗೆ ಹೋಗಿ ಮೇಜರನ ತಾಯಿಯ ವಿಳಾಸ ಕೇಳುತ್ತೇನೆಂದರು. ಆಲ್ಸ್ಟನ್‌ನ ಚಹಾ ಮೇಜಿನ ಮೇಲೆ ಚೆಲ್ಲಿತು. ಕಚೇರಿಯ ಕಿಟಕಿಯ ಮುಂದೆ ನಿಂತು, ಅಂಥ ಹೆಸರಿನವನು ಯಾರೂ ಇಲ್ಲ ಎಂದು ಅಪರಿಚಿತನ ಬಾಯಿಂದ ಅತ್ತೆ ಕೇಳಬೇಕೇ? ಓಲಿಂಡಾ ಅವರ ಕೋಣೆಗೆ ಹೋದಳು.

"ಮಾಂಯ್, ಆ ಮೇಜರನ ವಿಷಯ ನಿಮಗೊಂದು ಹೇಳ್ಬೇಕು."

ಫ್ರೀಡಾ ಸೀರೆ ಮಡಚುತ್ತಿದ್ದರು. ತಲೆಯೆತ್ತಲಿಲ್ಲ. "ಪೂಜೆ ಮುಗೀಲಿ ಬಾಯೆ. ಆಲ್ಸ್ಟನ್ ಬರ್ಲೇಬೇಕು ಅಂತ ಹೇಳು."

ಒಂದು ವರ್ಷದಲ್ಲಿ ಮಗನ ಹೆಸರು ಅವರ ಬಾಯಲ್ಲಿ ಬಂದದ್ದು ಅದೇ ಮೊದಲು. ಓಲಿಂಡಾ ಹೇಳಬೇಕಾದದ್ದನ್ನು ನುಂಗಿಕೊಂಡು ಹೊರಗೆ ಬಂದಳು. ಆ ವಾರವಿಡೀ ಅವಳಿಗೆ ನಿದ್ದೆ ಹತ್ತಲಿಲ್ಲ. ಅತ್ತೆ ಮಾತ್ರ ಹೊತ್ತು ಹೊತ್ತಿಗೆ ಉಂಡರು. ಅದೇ ಅವಳಿಗೆ ಇನ್ನಷ್ಟು ಕಳವಳ.

ಮುಂದಿನ ಶನಿವಾರ ಲಂಗಾಟಾದ ಚರ್ಚಿನಲ್ಲಿ ನಲವತ್ತು ಜನ ಸೇರಿದ್ದರು. ಕಾಣದ ಅಮೆರಿಕನ್ನನಿಗೆ ಪೂಜೆಯೇ ಎಂದು ಕೆಲವರು ಮಾಸ್ಕಿನೊಳಗೇ ಪಿಸುಗುಟ್ಟಿದರು. ಆಲ್ಸ್ಟನ್ ಕೊನೆಯ ಬೆಂಚಿನಲ್ಲಿ ತಲೆ ತಗ್ಗಿಸಿ ಕುಳಿತಿದ್ದ. ಕೈಯಲ್ಲಿದ್ದ ಪೂಜೆಯ ಹಾಳೆಯನ್ನು ಮಡಚಿ ಮಡಚಿ ಹರಿದಿದ್ದ. ಪಕ್ಕದಲ್ಲಿದ್ದ ಓಲಿಂಡಾ ಅದನ್ನು ಕಂಡು, ಇವನಿಗೇಕೆ ಇಷ್ಟು ಭಯ ಎಂದುಕೊಂಡಳು.

ಪಾದ್ರಿಗಳು ಪೂಜೆ ಯಾರಿಗಾಗಿ ಎಂದು ಓದಿದರು. ವಾಲ್ಟರ್ ಎನ್ನಲಿಲ್ಲ. ಫ್ರೆಡ್ರಿಕ್ ಎಂದರು. ಆಲ್ಸ್ಟನ್ ತಲೆಯೆತ್ತಿದ.

ಭಕ್ತರು ತಮ್ಮ ಬಿನ್ನಹ ಹೇಳುವ ಹೊತ್ತಿಗೆ ಫ್ರೀಡಾ ಮುಂದಿನ ಸಾಲಿನಿಂದ ಎದ್ದರು. ನಿಧಾನವಾಗಿ ಹಿಂದಕ್ಕೆ ನಡೆದು ಬಂದು ಮಗನ ಪಕ್ಕದಲ್ಲಿ ನಿಂತು, ಅಲ್ಲಿ ಮನೆಯವರಿಗೆ ಮಾತ್ರ ಅರ್ಥವಾಗುವ ಕೊಂಕಣಿಯಲ್ಲಿ ಪ್ರಾರ್ಥಿಸಿದರು:

"ದೇವರೇ, ನನ್ನ ಮುಂದೆ ಬರಲು ಅಂಜಿ ಒಂಬತ್ತು ತಿಂಗಳು ಮೇಜರನ ಹೆಸರಿನಲ್ಲಿ ನನಗೆ ಕಾಗದ ಬರೆದ ಈ ನನ್ನ ಮಗ ಇನ್ನು ಮೇಲೆ ತನ್ನ ಹೆಸರಿನಲ್ಲೇ ಮಾತಾಡಲಿ, ನಮ್ಮಿಬ್ಬರನ್ನೂ ಬಿಟ್ಟು ಹೋದ ಫ್ರೆಡ್ರಿಕ್‌ನ ಆತ್ಮಕ್ಕೆ ನಿತ್ಯ ಶಾಂತಿ ಕೊಡು."