ಒಳದೀಪದ ಫ್ಯೂಸ್

ಫ್ಯೂಸ್ ಮತ್ತೆ ಮಾಯವಾಗಿತ್ತು.

ತುಂಬಿದ ಬಸುರಿ ಪದ್ಮಶ್ರೀ ಕಾರಿನ ಬಾಗಿಲು ಹಿಡಿದು ಕಷ್ಟಪಟ್ಟು ಬಗ್ಗಿ, ಮೊಬೈಲಿನ ಬೆಳಕನ್ನು ಸ್ಟಿಯರಿಂಗ್ ಕೆಳಗಿನ ಫ್ಯೂಸ್ ಡಬ್ಬಿಗೆ ಬಿಟ್ಟಳು. ಯಾವ ಖಾನೆ ಯಾವುದಕ್ಕೆ ಎಂಬ ನಕ್ಷೆ ಮುಚ್ಚಳದ ಮೇಲೇ ಇತ್ತು. ಹಾರನ್ನಿನದು ಇದೆ, ವೈಪರಿನದು ಇದೆ. ಒಳದೀಪದ ಖಾನೆ ಮಾತ್ರ ಹಲ್ಲು ಕಿತ್ತ ವಸಡಿನ ಹಾಗೆ ಖಾಲಿ. ನಿನ್ನೆ ತಾನೇ ಅವಳು ಅಲ್ಲಿ ಹೊಸ ಕೆಂಪು ಫ್ಯೂಸ್ ಒತ್ತಿ ಕೂರಿಸಿದ್ದಳು.

ಸುಟ್ಟುಹೋಗಿದ್ದರೆ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಅವಳು ನೋಡಿದ ವಿಡಿಯೋಗಳ ಪ್ರಕಾರ ಸುಟ್ಟ ಫ್ಯೂಸಿನ ಒಳಗೆ ತಂತಿ ತುಂಡಾಗಿರುತ್ತದೆ, ಆದರೆ ಫ್ಯೂಸ್ ತನ್ನ ಜಾಗದಲ್ಲೇ ಕೂತಿರುತ್ತದೆ. ಎದ್ದು ವಾಕಿಂಗ್ ಹೋಗುವುದಿಲ್ಲ. ಇದನ್ನು ಯಾರೋ ಕೀಳುತ್ತಿದ್ದಾರೆ. ಯಾರೋ ಏನು ಬಂತು, ಗಂಡನೇ.

ರಮೇಶ್‌ಬಾಬು ಗೌರಿಬಿದನೂರಿನ ಕಾರ್ಖಾನೆಗೆ ಕಂಪನಿ ಬಸ್ಸಿನಲ್ಲಿ ಹೋಗಿಬರುವವನು. ಸಂಜೆ ಮೇಲೂರಿನ ಮನೆಗೆ ಬಂದು ಕಾಫಿ ಕುಡಿದವನೇ, ಕತ್ತಲು ಕವಿಯುತ್ತಿದ್ದಂತೆ ಕಾರಿನ ಕೀಲಿ ಎತ್ತಿಕೊಳ್ಳುತ್ತಿದ್ದ. "ನಿಂತಲ್ಲೇ ನಿಂತ್ರೆ ಬ್ಯಾಟರಿ ಇಳಿದೋಗುತ್ತೆ ಕಣೇ. ಒಂದು ರೌಂಡ್ ಹೊಡ್ಕೊಂಡ್ ಬರ್ತೀನಿ." ಬ್ಯಾಟರಿಯ ಮೇಲೆ ಇಷ್ಟೊಂದು ಅಕ್ಕರೆಯಿದ್ದ ಮಹಾರಾಯನಿಗೆ ಟೈರಿಗೆ ಗಾಳಿ ಹೊಡೆಸುವುದು ಮಾತ್ರ ನೆನಪಾಗುತ್ತಿರಲಿಲ್ಲ.

ಹಳೆಯ ಕಾರು. ಒಳದೀಪದ ಸ್ವಿಚ್ಚು ಮುರಿದಿತ್ತು. ಬಾಗಿಲು ತೆರೆದರೆ ದೀಪ ಹತ್ತಲೇಬೇಕು, ಒಳಗಿರುವವರ ಮುಖ ಬೀದಿಗೆಲ್ಲ ಕಾಣಲೇಬೇಕು. ಕಾಣಬಾರದು ಅಂದರೆ ಫ್ಯೂಸ್ ಕೀಳಬೇಕು. ಹಾಗಾದರೆ ಯಾರ ಮುಖ ಕಾಣಬಾರದು?

ಪಕ್ಕದ ಸೀಟು ಪೂರ್ತಿ ಹಿಂದಕ್ಕೆ ಸರಿದಿತ್ತು. ಅಲ್ಲಿ ಕೂರುವವಳು ಉದ್ದ ಕಾಲಿನವಳು. ಪದ್ಮಶ್ರೀ ಕುಳ್ಳಿ. ಹಿಂದಿನ ಸೀಟಿನಲ್ಲಿ ತಮ್ಮದೇ ದಿವಾನದ ದಿಂಬು ಬಿದ್ದಿತ್ತು. ಹಿಂದಿನ ಗಾಜಿನ ಮೇಲೆ ಏನನ್ನೋ ಅಂಟಿಸಿ ಕಿತ್ತ ಚೌಕದ ಗೋಂದಿನ ಕಲೆ, ಅದರಲ್ಲಿ ಒಂದು ಕೆಂಪು ಚೂರು. ಗೋಂದು ಅವಳ ಲೆಕ್ಕಕ್ಕೆ ಕೂಡಿಬರಲಿಲ್ಲ, ಬಿಟ್ಟಳು. ದಿಂಬು ಚೆನ್ನಾಗಿ ಕೂಡಿಬಂತು. ಕಾರಿನ ಬಾಗಿಲಿಗೆ ಹಣೆಯಿಟ್ಟು ಅತ್ತಳು. ಮಗು ಹುಟ್ಟುವ ಮೊದಲೇ ಸಂಸಾರ ಮುರಿದುಬೀಳುತ್ತಿದೆ.

ತವರಿನಲ್ಲಿ ತಾಯಿಯಿಲ್ಲದ್ದರಿಂದ ಹೆರಿಗೆ ಇಲ್ಲೇ. ಹೇಳಿಕೊಳ್ಳಲು ಇದ್ದವರು ಅತ್ತೆ ಕದಿರಮ್ಮ ಒಬ್ಬರೇ. ಅವರೋ ಸಂಜೆಯಾದರೆ ಮನೆಯಲ್ಲಿ ನಿಲ್ಲುತ್ತಿರಲಿಲ್ಲ. ತಂಗಿ ವೆಂಕಟರತ್ನಮ್ಮನ ರೇಷ್ಮೆ ಹುಳುಮನೆಗೆ ಸೊಪ್ಪು ಹಾಕಲು ಓಡುತ್ತಿದ್ದರು. ಹುಳುಮನೆಗೆ ಕಂಡಕಂಡವರು ಕಾಲಿಡುವಂತಿಲ್ಲ. ಬಸುರಿಯಂತೂ ಬ್ಲೀಚಿಂಗ್ ಪುಡಿಯ ಘಾಟಿಗೆ ಆ ಕಡೆ ಸುಳಿಯುವಂತೆಯೇ ಇಲ್ಲ. ಹುಳುವೆಲ್ಲ ಗೂಡು ಕಟ್ಟಿ, ಗೂಡು ಶಿಡ್ಲಘಟ್ಟದ ಮಾರ್ಕೆಟ್ಟಿಗೆ ಹೋದ ಖುಷಿಗೆ ವೆಂಕಟರತ್ನಮ್ಮ ಹೋಳಿಗೆ ಕಳಿಸಿದ ದಿನವೂ ಕದಿರಮ್ಮ ಸೊಪ್ಪು ಹಾಕಲು ಹೋಗಿದ್ದರು. ಚಿಂತಾಮಣಿ ಪೇಟೆಯಲ್ಲಿ ಬೆಳೆದ ಪದ್ಮಶ್ರೀ, ಹುಳುವಿನ ಲೆಕ್ಕ ಗೊತ್ತಿಲ್ಲದೆ, ಹೋಳಿಗೆ ತಿಂದು ಮಲಗಿದ್ದಳು.

ಮೊನ್ನೆ ಕಣ್ಣು ತೋರಿಸಬೇಕೆಂದು ಮಗನ ಜೊತೆ ಚಿಕ್ಕಬಳ್ಳಾಪುರಕ್ಕೆ ಹೋದ ಕದಿರಮ್ಮ ಕನ್ನಡಕದ ಬದಲು ಮೈಸೂರು ಪಾಕ್ ಹಿಡಿದು ಬಂದಿದ್ದರು. ಅತ್ತೆಗೆ ವಯಸ್ಸಾಯಿತು ಎಂದುಕೊಂಡಳು ಸೊಸೆ. ಕಾರು ತಂದ ದಿನ ನೆನಪಾಗಿ ಚೂರು ಮರುಕವೂ ಆಯಿತು. ಅವತ್ತು ಕದಿರಮ್ಮ ಸ್ಟಿಯರಿಂಗ್ ಸವರಿ ನೋಡಿದ್ದರು. ವರ್ಷಗಟ್ಟಲೆ ನೂಲು ತೆಗೆಯುವ ರಾಟೆ ತಿರುಗಿಸಿದ ಕೈ. "ಅತ್ತೆ, ಅದು ರಾಟೆಯಲ್ಲ!" ಎಂದು ಇವಳು ಊರವರ ಮುಂದೆ ನಕ್ಕಿದ್ದಳು. ಆಮೇಲೆ ಅವರು ಕಾರಿನ ಸುದ್ದಿಗೇ ಬಂದಿರಲಿಲ್ಲ.

ಆ ರಾತ್ರಿ ಊಟಕ್ಕೆ ಕೂತಾಗ ಕೇಳಿಯೇಬಿಟ್ಟಳು. "ಕಾರೊಳಗೆ ಲೈಟ್ ಯಾಕೆ ಬರ್ತಿಲ್ಲ?"

ರಮೇಶ್‌ಬಾಬು ಅಮ್ಮನ ಮುಖ ನೋಡಿದ. "ಹಳೇ ಗಾಡಿ ಕಣೇ. ಫ್ಯೂಸ್ ಹೋಗಿರ್ಬೇಕು."

"ಹೋಗಿರೋದಲ್ಲ, ಯಾರೋ ತೆಗ್ದಿರೋದು."

"ಕತ್ಲಲ್ಲಿ ಕಾರೊಳಗೆ ಏನು ನೋಡ್ಬೇಕಮ್ಮ ನಿಂಗೆ?" ಎಂದರು ಕದಿರಮ್ಮ, ಸಾರು ಬಡಿಸುತ್ತ. "ತಲೆ ಕೆಡಿಸ್ಕೋಬೇಡ, ಉಣ್ಣು."

ಪದ್ಮಶ್ರೀ ತಟ್ಟೆ ಸರಿಸಿ ಎದ್ದಳು.

ಮರುದಿನ ಗಂಡ ಓವರ್‌ಟೈಮ್ ಎಂದು ಫೋನ್ ಮಾಡಿದ. ದೀಪ ಹಚ್ಚುವ ಹೊತ್ತಿಗೆ ಪದ್ಮಶ್ರೀಗೆ ನೋವು ಶುರುವಾಯಿತು. ಆಂಬುಲೆನ್ಸ್ ಇನ್ನೊಂದು ಹೆರಿಗೆಗೆ ಹೋಗಿತ್ತು. ಗಂಡ ಫೋನ್ ಎತ್ತಲಿಲ್ಲ. ಅವಳಿಗೆ ತಡೆಯಲಾಗಲಿಲ್ಲ.

"ಅವರೆಲ್ಲಿ ಫೋನ್ ಎತ್ತಾರು! ದಿನಾ ಯಾರನ್ನ ಕೂರಿಸ್ಕೊಂಡು ತಿರುಗ್ತಾರೆ ಅಂತ ನಂಗೊತ್ತು ಅತ್ತೆ!"

ಕದಿರಮ್ಮ ಬೆಚ್ಚಿದರು. "ಗೊತ್ತಾಗೋಯ್ತಾ?" ಆಮೇಲೆ ತಲೆ ತಗ್ಗಿಸಿ, "ಅವನನ್ನ ಬೈಬೇಡ ಕಣಮ್ಮ. ನಾನೇ ನಿಂಗೆ ಹೇಳ್ಬೇಡ ಅಂದಿದ್ದೆ" ಎಂದರು.

ಅಂದರೆ ಅತ್ತೆಯೂ ಶಾಮೀಲು! ಪದ್ಮಶ್ರೀ ಬಯ್ಯಲು ಬಾಯಿ ತೆರೆದಳು, ನೋವು ಹಿಂಡಿ ಹಾಕಿತು. ಕದಿರಮ್ಮ ಗೋಡೆಯ ಮೊಳೆಯಿಂದ ಕೀಲಿ ತೆಗೆದುಕೊಂಡು, ಅವಳನ್ನು ತಬ್ಬಿ ನಡೆಸಿ ಕಾರಿನ ಹಿಂದಿನ ಸೀಟಿಗೆ ಒರಗಿಸಿದರು. ಬಾಗಿಲು ತೆರೆದರೂ ಒಳಗೆ ಕಗ್ಗತ್ತಲು. ಅತ್ತೆ ಆ ದಿಂಬನ್ನು ತಡಕಿ ತೆಗೆದಾಗ ತನ್ನ ಸೊಂಟಕ್ಕೆ ಕೊಡುತ್ತಾರೆ ಎಂದುಕೊಂಡಳು. ಅವರು ಅದನ್ನು ಕಂಕುಳಲ್ಲಿಟ್ಟುಕೊಂಡು ಬಾಗಿಲು ಹಾಕಿದರು.

ಪದ್ಮಶ್ರೀ ಕಣ್ಣು ಮುಚ್ಚಿ ಹಲ್ಲು ಕಚ್ಚಿದಳು. ಮುಂದಿನ ಬಾಗಿಲು ತೆರೆದ ಸದ್ದಾಯಿತು. ಯಾರೋ ಸ್ಟಿಯರಿಂಗ್ ಹಿಂದೆ ಕೂತರು. ಸೀಟು ಕಿರ್ ಎಂದು ಮುಂದಕ್ಕೆ ಸರಿಯಿತು.

"ಡ್ರೈವರ್ ಸಿಕ್ಕಿದ್ರಾ ಅತ್ತೆ?"

ಸ್ಟಿಯರಿಂಗ್ ಕೆಳಗೆ ಏನೋ ಟಕ್ ಎಂದಿತು, ಒಳದೀಪ ಹತ್ತಿತು.

ದಿಂಬಿನ ಮೇಲೆ ಕೂತಿದ್ದ ಕದಿರಮ್ಮ, ಫ್ಯೂಸ್ ಕಟ್ಟಿಟ್ಟಿದ್ದ ಸೆರಗಿನ ಗಂಟನ್ನು ಕೊಡವಿ, ತಿರುಗಿ ಸೊಸೆಯ ಮುಖ ನೋಡಿ, ಬಾಗಿಲು ಎಳೆದುಕೊಂಡು ಗೇರ್ ಹಾಕಿದರು. "ಗಟ್ಟಿಯಾಗಿ ಹಿಡ್ಕೋ ಕಣಮ್ಮ, ಇದು ರಾಟೆಯಲ್ಲ."