ಐದು ತಲೆಮಾರಿನ ಮೂಗು

ಮಾವನ ಎಡಹುಬ್ಬು ಮೇಲೇರಿತು. ಅರೆಕ್ಷಣ ಬಿಟ್ಟು ಸೊಸೆಯ ಎಡಹುಬ್ಬೂ ಏರಿತು.

"ಒಂದನೇ ಪೀಪಾಯಿ ಪರವಾಗಿಲ್ಲ," ಎಂದಳು.

ಮಾವ ತಲೆದೂಗಿದರು. ನೆಲಮಾಳಿಗೆಯ ಮೆಟ್ಟಿಲ ಮೇಲೆ ಕೂತಿದ್ದ ಭಾವನ ಮುಖ ಹುಳಿಯಾಯಿತು.

ಇನ್ನೂ ಐದು ಪೀಪಾಯಿ. ಅದರಲ್ಲೊಂದು ಕೆಟ್ಟಿದೆ. ಅದನ್ನು ರುಚಿ ನೋಡಿ ಗುರುತಿಸಿದರೆ ದ್ರಾಕ್ಷಿತೋಟವೂ ವೈನ್‌ಮನೆಯೂ ಸೊಸೆಯ ಉಸ್ತುವಾರಿಗೆ, ತಪ್ಪಿದರೆ ಭಾವನಿಗೆ. ಭಾವನೋ, ಬಳ್ಳಿ ಕೀಳಿಸಿ ಕಾರು ನಿಲ್ಲಿಸುವ ಜಾಗ ಮಾಡಲು ಆಗಲೇ ಟೇಪು ಹಿಡಿದು ಅಳೆದಿದ್ದ. ಗಂಡನನ್ನು ನೆಚ್ಚುವಂತಿರಲಿಲ್ಲ. ವೈನಿನ ಹೆಸರೆತ್ತಿದರೂ ಸಾಕು, ಆ ಪುಣ್ಯಾತ್ಮನಿಗೆ ಮೈಯೆಲ್ಲ ದದ್ದು.

ತೊಡಕು ಒಂದೇ. ಹೋದ ಚಳಿಗಾಲದಲ್ಲಿ ಬಂದ ಜ್ವರ, ಹೋಗುವಾಗ ಸೊಸೆಯ ಮೂಗನ್ನೂ ಜೊತೆಗೆ ಕರೆದುಕೊಂಡು ಹೋಗಿತ್ತು. ಗುಲಾಬಿಗೂ ಸೀಮೆಎಣ್ಣೆಗೂ ಈಗ ಅವಳಿಗೆ ವ್ಯತ್ಯಾಸವಿಲ್ಲ. ಯಾರಿಗೂ ಹೇಳಿರಲಿಲ್ಲ.

ಆದರೆ ಅವಳು ಕಾಲೇಜಿನಲ್ಲಿ ಪ್ರಿನ್ಸಿಪಾಲರ ಕೆಮ್ಮನ್ನು ಪ್ರಿನ್ಸಿಪಾಲರಿಗಿಂತ ಚೆನ್ನಾಗಿ ಕೆಮ್ಮಿ ಬಹುಮಾನ ಗೆದ್ದವಳು. ಪರೀಕ್ಷೆಯಲ್ಲಿ ಮೊದಲ ಗುಟುಕು ಮಾವನದು. ಸೊಸೆ ಹೇಳುವ ತನಕ ಅವರು ಬಾಯಿ ಬಿಡುವಂತಿಲ್ಲ. ಬಾಯಿ ಸುಮ್ಮನಿದ್ದರೂ ಮುಖ ಸುಮ್ಮನಿರಬೇಕಲ್ಲ? ಮೂರು ತಿಂಗಳು ಕನ್ನಡಿಯ ಮುಂದೆ ಅವಳು ಆ ಮುಖವನ್ನೇ ಉರುಹೊಡೆದಿದ್ದಳು. ಎಡಹುಬ್ಬು ಏರಿದರೆ ಪರವಾಗಿಲ್ಲ. ಎರಡೂ ಏರಿದರೆ ಭೇಷ್. ಮೀಸೆ ನಡುಗಿದರೆ ವಿನೆಗರ್. ಮುಖ ನೋಡಿ ಮಣೆ ಹಾಕುವವರು ಬೇಕಾದಷ್ಟು ಜನ. ಮುಖ ನೋಡಿ ವೈನ್ ತೂಗುವವಳು ಇವಳೊಬ್ಬಳೇ.

ಎರಡನೆಯದೂ ಮೂರನೆಯದೂ ಸಲೀಸಾಗಿ ಮುಗಿದವು.

ಗೋಡೆಯ ಮೇಲೆ ಹಿಂದಿನ ನಾಲ್ಕು ತಲೆಮಾರಿನ ಯಜಮಾನರು ಸಾಲಾಗಿ ತೂಗಾಡುತ್ತಿದ್ದರು. ಎಲ್ಲರ ಕೈಯಲ್ಲೂ ಲೋಟ, ಎಲ್ಲರ ದೃಷ್ಟಿಯೂ ನೆಲದತ್ತ. ಚಿತ್ರಗಳು ಮೊಣಕಾಲಿಗೇ ಮುಗಿದಿದ್ದವು. ಮಣ್ಣನ್ನು ಮರೆಯದ ಮನೆತನ ಎಂದು ನೋಡಲು ಬಂದವರಿಗೆಲ್ಲ ಸೊಸೆಯೇ ಗಂಟಲು ಗದ್ಗದವಾಗಿಸಿಕೊಂಡು ವಿವರಿಸುತ್ತಿದ್ದಳು. ಮಾವನದೂ ಅದೇ ರೂಢಿ. ಲೋಟ ಎತ್ತಿದೊಡನೆ ಕಾಲ ಬಳಿ ಒಂದು ಹನಿ ಚೆಲ್ಲಿ, ತಲೆ ತಗ್ಗಿಸಿ ಒಂದು ಗಳಿಗೆ ನಿಂತು, ಆಮೇಲೇ ಗುಟುಕು. ಮಣ್ಣಿನ ಪಾಲು ಮಣ್ಣಿಗೆ, ಎನ್ನುತ್ತಿದ್ದರು.

ಭಾವನಿಗೆ ಇನ್ನು ತಡೆಯಲಾಗಲಿಲ್ಲ. ಮಾವನ ಕಾಲ ಬಳಿ ಗೋಣಿಚೀಲದಂತೆ ಬಿದ್ದಿದ್ದ ಮುದಿ ನಾಯಿಯ ಮೇಲೆ ಸಿಟ್ಟು ತೀರಿಸಿಕೊಳ್ಳಲು ಹೊರಟ.

"ಅಪ್ಪಾ, ಪರೀಕ್ಷೆ ನಡೆಯೋ ಕಡೆ ಇದ್ಯಾಕೆ? ಆಚೆ ಕಟ್ಟಿ ಬರ್ತೀನಿ."

"ಮುಟ್ಟಿದ್ರೆ ನೋಡು. ಇದು ಇಲ್ದೆ ನಂಗೆ ಒಂದು ಗುಟುಕೂ ಇಳಿಯಲ್ಲ."

ಮುದುಕರ ಮುದ್ದು ಎಂದುಕೊಂಡಳು ಸೊಸೆ.

ನಾಲ್ಕನೇ ಲೋಟ. ಹನಿ ಬಿತ್ತು. ಧೂಳಿಗೋ ಏನೋ, ನಾಯಿ ಸೀನಿತು. ಮಾವ ಗುಟುಕರಿಸಿದರು. ಮೀಸೆ ನಡುಗಿತು.

ಸೊಸೆ ತನ್ನ ಪಾಲಿನ ಗುಟುಕು ನುಂಗಿ, ಇಲ್ಲದ ಮೀಸೆಯನ್ನು ನಡುಗಿಸಿದಳು. "ಇದು ಹೋಯ್ತು, ಮಾವ."

ಪೀಪಾಯಿಯ ಬಿರಡೆ ಕಿತ್ತು ಬಗ್ಗಿದ ಭಾವ ಮೂಗು ಹಿಡಿದುಕೊಂಡು ಮೆಟ್ಟಿಲು ಹತ್ತಿದವನು ತಿರುಗಿ ನೋಡಲಿಲ್ಲ.

ಗೆದ್ದ ಮೇಲೆ ಸೊಸೆಗೆ ಮನಸ್ಸು ಚುಚ್ಚತೊಡಗಿತು. "ಮಾವ, ನಿಮಗೆ ಮೋಸ ಮಾಡಿದೆ. ನಂಗೆ ವಾಸನೆಯೂ ಇಲ್ಲ, ರುಚಿಯೂ ಇಲ್ಲ. ನಿಮ್ಮ ಮುಖ ನೋಡ್ಕೊಂಡು ಹೇಳಿದ್ದು."

"ಗೊತ್ತಮ್ಮ," ಎಂದರು ಮಾವ. "ಅವತ್ತು ಒಲೆ ಮೇಲೆ ಹಾಲು ಸೀದು ಕರಕಲಾಗ್ತಿತ್ತು, ನೀನು ಪಕ್ಕದಲ್ಲೇ ಕೂತು ಪೇಪರ್ ಓದ್ತಿದ್ದೆ. ಈ ಮನೆಗೆ ತಕ್ಕ ಯಜಮಾನಿ ನೀನೇ ಅಂತ ಅವತ್ತೇ ತೀರ್ಮಾನ ಮಾಡ್ದೆ."

ಸೊಸೆ ಕಣ್ಣೊರೆಸಿಕೊಂಡು, ನೆಲಮಾಳಿಗೆಯ ಕೀಲಿಗೊಂಚಲಿಗೆಂದು ಕೈಯೊಡ್ಡಿದಳು.

ಮಾವ ಆ ಕೈಗೆ ನಾಯಿಯ ಹಗ್ಗವನ್ನಿಟ್ಟರು: "ಜೋಪಾನ. ಐದು ತಲೆಮಾರಿಂದ ಮೂಗು ಇರೋದು ಇದರ ವಂಶಕ್ಕೆ, ನಮ್ಮದಕ್ಕಲ್ಲ."