ಎರಡು ಬೆರಳು ನೀರು

ಬಾಟಲಿಯಲ್ಲಿ ಎರಡು ಬೆರಳಷ್ಟು ನೀರು ಕಂಡದ್ದೇ ತಡ, ರುಸುಲ್ ಮೇಜಿನ ಕೆಳಗೆ ಸೇರಿಕೊಂಡಳು.

“ಬಾ ಯುಮ್ಮಾ, ಹೊರಗೆ ಬಾ. ಸಿಸ್ಟರ್ ಏನೂ ಮಾಡಲ್ಲ,” ಎಂದು ತಾಯಿ ನಜಾತ್ ಬಗ್ಗಿ ಕೈ ಚಾಚಿದಳು. ಆರು ವರ್ಷದ ಹುಡುಗಿ ಕಣ್ಣನ್ನು ಬಿಗಿಯಾಗಿ ಮುಚ್ಚಿಕೊಂಡು, ಆ ಕೈ ಹಿಡಿದು ಹೊರಗೆ ಬಂದಳು. ಪ್ರತಿ ಸಲವೂ ಹೀಗೆಯೇ. ತಾಯಿಯ ಕೈ ಸೋಕಿದರೆ ಸಾಕು, ಮಗು ಕಣ್ಣು ಮುಚ್ಚುತ್ತಿತ್ತು. ಎಂಥ ನಂಬಿಕೆ ಎಂದು ಸಿಸ್ಟರ್ ಇಬ್ತಿಸಾಮ್ ಅಂದುಕೊಳ್ಳುತ್ತಿದ್ದಳು.

ನೀರಿನಲ್ಲಿ ಮುಳುಗಿ ಬದುಕಿದವರನ್ನು ಮತ್ತೆ ಮತ್ತೆ ಕರೆಸಿ, ಎದೆ ನೋಡಿ, ಉಸಿರಾಟ ಕಲಿಸುವುದು ಬಸ್ರಾದ ಆ ಆಸ್ಪತ್ರೆಯಲ್ಲಿ ಇಬ್ತಿಸಾಮಳ ಕೆಲಸ. ಷತ್ತ್ ನದಿಯಲ್ಲಿ ಕಾಲು ಜಾರಿದವರು ಬೇಕಾದಷ್ಟು ಮಂದಿ ಬರುತ್ತಾರೆ. ಬೇರೆಯವರು ಕೈಯಾರೆ ಮುಳುಗಿಸಿದ್ದರಿಂದ ಬರುವವರು ಅಪರೂಪ. ಅಂಥವರ ಎದೆ ಬೇಗ ವಾಸಿಯಾಗುತ್ತದೆ, ಮಿಕ್ಕದ್ದು ಆಗುವುದಿಲ್ಲ. ರುಸುಲಳ ಎಡಪಕ್ಕೆಯ ಗೊರಗೊರ ಸದ್ದು ಯಾವತ್ತೋ ಹೋಗಿತ್ತು. ಆದರೆ ಹೊಳೆಯಿಂದ ಮೇಲೆ ಬಂದ ಮೇಲೆ ಅವಳು ಒಂದು ಮಾತೂ ಆಡಿರಲಿಲ್ಲ.

ಆಡಬೇಕಾಗಿತ್ತು. ಅವಳ ತಂದೆ ದಾಖಿಲ್ ಮಗಳನ್ನು ಮುಳುಗಿಸಿದ ಆರೋಪದ ಮೇಲೆ ಪೊಲೀಸರ ಬಂಧನದಲ್ಲಿದ್ದ. ಅಕ್ಕಪಕ್ಕದವರು ಓಡಿಬಂದಾಗ ಎದೆಮಟ್ಟದ ನೀರಿನಲ್ಲಿ ಮಗುವನ್ನು ಹಿಡಿದು ನಿಂತಿದ್ದನಂತೆ. ಮಗುವಿನ ಎರಡೂ ಕಂಕುಳಲ್ಲಿ ಅವನ ಬೆರಳಿನ ಗುರುತು ಕಪ್ಪಗೆ ಮೂಡಿತ್ತು. “ನಾನು ಎತ್ತಿದೆ, ಎತ್ತಿದೆ” ಎಂದು ಬಾಯಿ ಬಡಿದುಕೊಂಡ. ಕುಡಿದು ಬಂದು ಹೆಂಡತಿಯ ಹಲ್ಲು ಉದುರಿಸಿದವನ ಮಾತನ್ನು ಯಾರು ನಂಬುತ್ತಾರೆ? ಇಬ್ತಿಸಾಮಳಂತೂ ನಂಬಲಿಲ್ಲ. ಮಗು ಬಾಯಿ ಬಿಟ್ಟ ದಿನ ತಿಳಿಸಿ ಎಂದು ತನಿಖಾಧಿಕಾರಿ ಕಾದಿಮ್ ತನ್ನ ಫೋನ್ ನಂಬರು ಕೊಟ್ಟು ಹೋಗಿದ್ದ. ಆ ದಿನಕ್ಕಾಗಿ ಅವನಿಗಿಂತ ಹೆಚ್ಚಾಗಿ ಕಾಯುತ್ತಿದ್ದವಳು ಇವಳೇ.

“ನೀನು ಅಲ್ಲೇ ಇದ್ದೆ ಅಲ್ವೇನಮ್ಮ?” ಎಂದು ಒಮ್ಮೆ ಕೇಳಿದ್ದಳು.

“ದಂಡೆ ಮೇಲೇ ಇದ್ದೆ ಸಿಸ್ಟರ್. ತೊಟ್ಟಿದ್ದ ಅಬಾಯದ ಅಂಚೂ ನೆನೀಲಿಲ್ಲ. ಕಾಲೇ ಬರಲಿಲ್ಲ,” ಎಂದು ನಜಾತ್ ಗೋಡೆಗೆ ಹಣೆ ಚಚ್ಚಿಕೊಂಡಿದ್ದಳು.

“ಹೆದರಿಕೇಲಿ ಯಾರಿಗಾದ್ರೂ ಹಾಗೇ ಆಗೋದು. ನಿನ್ನ ತಪ್ಪಲ್ಲ,” ಎಂದು ಇಬ್ತಿಸಾಮ್ ಅವಳನ್ನು ತಬ್ಬಿಕೊಂಡಿದ್ದಳು.

ಇವತ್ತು ಬೇರೆ ಉಪಾಯ ಮಾಡೋಣ ಎನ್ನಿಸಿತು. “ನೀನು ಹೊರಗೆ ಕೂತಿರು ನಜಾತ್. ನೀನಿದ್ರೆ ಅಂಟಿಕೊಂಡೇ ಇರ್ತಾಳೆ. ಈ ಯುಮ್ಮಾ ಒಳಗಿರಲಿ, ಆ ಯುಮ್ಮಾ ಹೊರಗಿರಲಿ!”

ನಜಾತ್ ನಗಲು ನೋಡಿದಳು, ಆಗಲಿಲ್ಲ. ಬಸ್ರಾ ಕಡೆ ಮಕ್ಕಳು ತಾಯಿಯನ್ನು ಕರೆಯುವುದೂ ಯುಮ್ಮಾ, ತಾಯಿ ಮಕ್ಕಳನ್ನು ಮುದ್ದಿನಿಂದ ಕರೆಯುವುದೂ ಯುಮ್ಮಾ. ಆಸ್ಪತ್ರೆಯ ಮೊಗಸಾಲೆಯಲ್ಲಿ ಒಮ್ಮೆ ಕೂಗಿದರೆ ಹತ್ತು ತಲೆ ತಿರುಗುತ್ತವೆ.

ಬಾಗಿಲು ಮುಚ್ಚಿ ಇಬ್ತಿಸಾಮ್ ಬಾಟಲಿಗೆ ಕೊಳವೆ ಇಳಿಬಿಟ್ಟು ಊದಿದಳು. ಗುಳುಗುಳು ಸದ್ದಾಯಿತು. “ಕೇಳಿದೆಯಾ? ಎಮ್ಮೆ ಮೂಗು ಮುಳುಗಿಸ್ಕೊಂಡು ಬೈತಾ ಇದೆ.”

ರುಸುಲಳ ತುಟಿ ಅಲುಗಿತು. ಒಂದು ಹೆಜ್ಜೆ ಹತ್ತಿರ ಬಂದಳು. ಇನ್ನೊಂದು ಹೆಜ್ಜೆ. ಬಾಟಲಿಯ ಮೇಲೆ ಬೆರಳಿಟ್ಟು ನೀರನ್ನೇ ನೋಡುತ್ತ, ಎಷ್ಟೋ ಕಾಲದಿಂದ ಬೀಗ ಹಾಕಿದ್ದ ಗಂಟಲಿನಿಂದ ಮೆಲ್ಲಗೆ ಹೇಳಿದಳು:

“ಹೆದರಬೇಡ ಯುಮ್ಮಾ. ಕಣ್ಣು ಮುಚ್ಚಿಕೋ. ನಾನೂ ಬರ್ತೀನಿ.”

ಆಮೇಲೆ ಊದಿದಳು. ಒಂದೇ ಒಂದು ಗುಳ್ಳೆ ಎದ್ದಿತು.

ಇಬ್ತಿಸಾಮಳ ಕಣ್ಣು ತುಂಬಿ ಬಂತು. ಉಸಿರು ಕಟ್ಟುವ ಹೊತ್ತಿನಲ್ಲೂ ದಂಡೆಯ ಮೇಲಿದ್ದ ತಾಯಿಗೇ ಧೈರ್ಯ ಹೇಳಿದ ಕೂಸು! ಬರ್ತೀನಿ ಎಂದಿತ್ತು, ದಂಡೆಗೆ ಬಂದೇಬಿಟ್ಟಿತ್ತು. ಅವಳು ಬಾಗಿಲು ತೆರೆದು ಹೊರಗೆ ಓಡಿದಳು.

“ನಜಾತ್! ಮಾತಾಡಿದಳು ಕಣೇ! ನಿನ್ನನ್ನೇ ಕರೆದಳು!” ಎಂದು ಮಗುವಿನ ಮಾತನ್ನು ಒಂದಕ್ಷರ ಬಿಡದೆ ಒಪ್ಪಿಸಿದಳು.

ಸಿಸ್ಟರಿಗೆಂದು ನಜಾತ್ ಮನೆಯಿಂದ ಮಾಡಿ ತಂದಿದ್ದ ಖರ್ಜೂರದ ಬಿಸ್ಕತ್ತಿನ ಡಬ್ಬಿ ತೊಡೆಯಿಂದ ಜಾರಿ ನೆಲಕ್ಕೆ ಬಿತ್ತು. ಅವಳು ಅದನ್ನು ನೋಡಲೂ ಇಲ್ಲ.

“ಅಳು, ಚೆನ್ನಾಗಿ ಅತ್ತುಬಿಡು,” ಎನ್ನುತ್ತ ಇಬ್ತಿಸಾಮ್ ಕಾದಿಮನ ನಂಬರು ಒತ್ತಿದಳು. “ಇನ್ನು ಮಗುವೇ ಸಾಕ್ಷಿ ಹೇಳ್ತಾಳೆ, ಆ ಪಾಪಿ ಹೊರಗೆ ಬರಲ್ಲ.”

ಒಳಗಿನಿಂದ ಬಂದ ರುಸುಲ್ ತಾಯಿಯ ಕೈ ಹಿಡಿದಳು. ಹಿಡಿದವಳೇ ಕಣ್ಣು ಮುಚ್ಚಿಕೊಂಡಳು.

ಫೋನು ಆ ಕಡೆ ರಿಂಗಾಗುತ್ತಿತ್ತು. ನಜಾತ್ ಮಗಳ ಮುಚ್ಚಿದ ಕಣ್ಣುಗಳನ್ನು ನೋಡಿದಳು, ಸಿಸ್ಟರನ್ನು ನೋಡಿದಳು.

“ಅವಳಪ್ಪನ್ನ ಬಿಟ್ಟುಬಿಡೋಕೆ ಹೇಳಿ ಸಿಸ್ಟರ್. ಅದು ಅವಳು ನನಗೆ ಹೇಳಿದ್ದಲ್ಲ, ನಾನು ಅವಳಿಗೆ ಹೇಳಿದ್ದು. ಅವಳನ್ನ ತಳ್ಳಿ ಹಿಂದೇನೇ ನಾನೂ ಹಾರಬೇಕಿತ್ತು... ಕಾಲೇ ಬರಲಿಲ್ಲ.”